ಗುರುವಾರದ ಶೌಚಾಲಯ

ಪುರಸಭೆಯಲ್ಲಿ ಅವರನ್ನು ಎಲ್ಲರೂ ‘ಟಿಕ್ ಸಾಹೇಬರು’ ಎನ್ನುತ್ತಿದ್ದರು. ಊರಾಚೆ ಟೈರ್ ಕಾರ್ಖಾನೆ ಕಟ್ಟಲು ಅನುಮತಿ ಕೊಡುವಾಗ ಪುರಸಭೆ ಒಂದು ಷರತ್ತು ಹಾಕಿತ್ತು. ಕಟ್ಟಡದ ಗುತ್ತಿಗೆದಾರರು ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ಪುರಸಭೆಯ ಅಧಿಕಾರಿಯೊಬ್ಬರು ತಿಂಗಳಿಗೊಮ್ಮೆ ಹೋಗಿ ನೋಡಿ ವರದಿ ಕೊಡಬೇಕು. ಆ ಕೆಲಸ ಇವರ ಪಾಲಿಗೆ ಬಂದಿತ್ತು. ವರದಿಯ ನಮೂನೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳು, ಒಂದೊಂದರ ಮುಂದೂ ಒಂದು ಚೌಕ. ಹೆಲ್ಮೆಟ್ ಇದೆಯೇ, ಕುಡಿಯುವ ನೀರಿದೆಯೇ, ದುಡಿಮೆಯ ಹೊತ್ತು ಮಿತಿಯೊಳಗಿದೆಯೇ, ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿದೆಯೇ. ಅವರ ಟಿಕ್ ಅಚ್ಚು ಹಾಕಿದಷ್ಟು ನೀಟಾಗಿ ಬೀಳುತ್ತಿತ್ತು. ಒಂದೂ ಚೌಕದ ಗೆರೆ ದಾಟುತ್ತಿರಲಿಲ್ಲ.

ಲಂಚ ಮುಟ್ಟಿದವರಲ್ಲ. ಸೈಟಿನಲ್ಲಿ ಚಹಾ ಕೊಟ್ಟರೂ ‘ಮನೇಲಿ ಆಯ್ತು’ ಎಂದು ಪಕ್ಕಕ್ಕೆ ಸರಿಸುವರು. ಆ ಹೆಮ್ಮೆ ಅವರಿಗಿತ್ತು. ಪ್ರತಿ ತಿಂಗಳ ಮೊದಲ ಗುರುವಾರ ಹೋಗುವರು, ನಾಲ್ಕು ದಿನ ಮೊದಲೇ ಕಾಗದ ಕಳಿಸುವರು. ಮುಂಚಿತವಾಗಿ ತಿಳಿಸಬೇಕೆಂದು ನಿಯಮವೇನೂ ಇರಲಿಲ್ಲ. ಹೇಳದೆ ಕೇಳದೆ ಇನ್ನೊಬ್ಬರ ಜಾಗಕ್ಕೆ ನುಗ್ಗುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಅವರಿಗೇ ಅನ್ನಿಸುತ್ತಿತ್ತು, ಅಷ್ಟೆ. ಹೀಗೆ ಹನ್ನೊಂದು ಗುರುವಾರ ಹೋಗಿಬಂದಿದ್ದರು. ಹನ್ನೊಂದು ವರದಿಗಳಲ್ಲೂ ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಟಿಕ್.

ಅವರ ಅಕ್ಕ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಒಂದು ಭಾನುವಾರ ಬೆಳಿಗ್ಗೆ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

“ನಿನ್ನ ಟೈರ್ ಕಾರ್ಖಾನೆ ಹೆಂಗಸರು ಈ ತಿಂಗಳು ಆರು ಜನ ಬಂದಿದ್ರು ಕಣೋ. ಎಲ್ಲರಿಗೂ ಒಂದೇ ಕಾಯಿಲೆ. ಉರಿಮೂತ್ರ, ಚಳಿಜ್ವರ. ಒಬ್ಬಳಿಗಂತೂ ಸೋಂಕು ಮೂತ್ರಪಿಂಡಕ್ಕೇ ಹತ್ತಿದೆ. ನೀರು ಜಾಸ್ತಿ ಕುಡೀಬೇಕಮ್ಮ ಅಂದ್ರೆ, ಕುಡಿದ್ರೆ ಎಲ್ಲಿಗೆ ಹೋಗೋದು ಅಂತಾರೆ. ಅಲ್ಲಿ ಶೌಚಾಲಯ ಇಲ್ವೇನೋ?”

“ಇಲ್ದೆ ಏನಕ್ಕಾ? ಸಾಲಾಗಿ ನಾಲ್ಕಿದೆ. ಎರಡು ಹೆಂಗಸರಿಗೆ, ಎರಡು ಗಂಡಸರಿಗೆ. ಬಿಳೀ ಟೈಲ್ಸು, ಕನ್ನಡಿ, ಸೋಪು. ನಮ್ಮನೇದಕ್ಕಿಂತ ಚೆನ್ನಾಗಿದೆ. ಹೋದಾಗೆಲ್ಲ ನಾನೂ ಅಲ್ಲೇ ಹೋಗೋದು.”

“ಮತ್ತೆ ಅವರ್ಯಾಕೆ ಹೋಗಲ್ಲ?”

“ಅಭ್ಯಾಸ ಇರಲ್ವೇನೋ. ಬಯಲಿಗೆ ಹೋಗಿ ರೂಢಿ ಆದವರು.”

ಅಕ್ಕ ಕೈಯಲ್ಲಿದ್ದ ಬೀನ್ಸನ್ನು ತಟ್ಟೆಗೆ ಹಾಕಿದಳು. “ಈ ಮಾತು ನನ್ನ ಮುಂದೆ ಅಂದ್ಯಲ್ಲ, ಸಾಕು. ಇನ್ನೆಲ್ಲೂ ಅನ್ಬೇಡ.”

ಅವರಿಗೆ ಸ್ವಲ್ಪ ಸಿಟ್ಟು ಬಂತು. “ನಾನೇನು ಕೇಳದೆ ಬರೀತೀನಾ? ಸಾಲಾಗಿ ನಿಲ್ಲಿಸಿ ಕೇಳ್ತೀನಿ, ಏನಾದ್ರೂ ತೊಂದರೆ ಇದ್ಯಾ ಅಂತ. ಕಂಬಿ ಕಟ್ಟೋ ಹೆಂಗಸೊಬ್ಬಳು ಬಾಯಿಬಿಟ್ಟು ಹೇಳಿದ್ಲು, ಸಾಹೇಬ್ರು ಬಂದ ದಿನ ನಮಗೆ ಯಾವ ತೊಂದರೆನೂ ಇಲ್ಲ ಅಂತ.”

“ಬಂದ ದಿನ?”

“ಹೂಂ.”

“ಬರದ ದಿನ?”

ಆ ಹೆಂಗಸು ಹಾಗೆಂದಾಗ ಸುತ್ತ ನಿಂತ ಹೆಂಗಸರು ನಕ್ಕಿದ್ದರು. ತಮ್ಮನ್ನು ಹೊಗಳಿದಳೆಂದುಕೊಂಡು ಅವರೂ ನಕ್ಕಿದ್ದರು. ಪಕ್ಕದಲ್ಲಿದ್ದ ಮ್ಯಾನೇಜರ್ ಮಾತ್ರ ನಕ್ಕಿರಲಿಲ್ಲ. ಅದು ಈಗ ನೆನಪಾಯಿತು.

ಮಂಗಳವಾರ ಬೆಳಿಗ್ಗೆ ಯಾರಿಗೂ ಹೇಳದೆ ಸೈಟಿಗೆ ಹೋದರು. ಗೇಟಿನ ಕಾವಲುಗಾರ ಎದ್ದು ನಿಂತು, “ಸಾಹೇಬ್ರೆ, ನಿಮ್ದು ಗುರುವಾರ ಅಲ್ವಾ?” ಎಂದ. ತಪ್ಪು ದಿನ ಶಾಲೆಗೆ ಬಂದ ಮಗುವನ್ನು ಕೇಳುವ ಹಾಗಿತ್ತು ಅವನ ದನಿ. ಅವರು ನೇರ ಶೌಚಾಲಯದ ಕಡೆ ನಡೆದರು. ನಾಲ್ಕೂ ಬಾಗಿಲಿಗೆ ಬೀಗ. ಮುಂದಿನ ಮೆಟ್ಟಿಲ ಮೇಲೆ ಸಿಮೆಂಟಿನ ಖಾಲಿ ಚೀಲಗಳನ್ನು ಪೇರಿಸಿದ್ದರು.

“ಕೀ ಮ್ಯಾನೇಜರ್ ಹತ್ರ ಇರುತ್ತೆ,” ಹಿಂದೆಯೇ ಬಂದ ಕಾವಲುಗಾರ ಹೇಳಿದ. “ಅರ್ಜೆಂಟಿದ್ರೆ ತರಿಸ್ತೀನಿ. ನಿಮಗಾದ್ರೆ ಕೊಡ್ತಾರೆ.”

“ಕೆಲಸದವರು ಎಲ್ಲಿ ಹೋಗ್ತಾರೆ?”

ಕಾವಲುಗಾರ ದೂರದ ಪೈಪುಗಳ ರಾಶಿಯ ಕಡೆ ನೋಡಿದ.

ಆ ರಾಶಿಯನ್ನು ಸುತ್ತಿ ಹೋಗುವ ಮೊದಲು ಒಮ್ಮೆ ಕೆಮ್ಮಬೇಕೆಂದೂ ಅವರಿಗೆ ತೋಚಲಿಲ್ಲ. ಆಚೆ ಬದಿಯಲ್ಲಿ ಇಬ್ಬರು ಹೆಂಗಸರು ಹರಕು ಟಾರ್ಪಾಲಿನ ಎರಡು ತುದಿ ಹಿಡಿದು ನಿಂತಿದ್ದರು. ಟಾರ್ಪಾಲಿನ ಮರೆಯಲ್ಲಿ ಮೂರನೆಯವಳೊಬ್ಬಳು ಇದ್ದಳು. ಸಾಹೇಬರು ಬಂದ ದಿಕ್ಕಿಗೆ ಮರೆ ಇರಲಿಲ್ಲ. ಕುಳಿತಿದ್ದವಳು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು.

“ಆ ಕಡೆ ತಿರುಗಿ ನಿಂತ್ಕೊಳ್ಳಿ,” ಹಿಡಿದಿದ್ದವರಲ್ಲಿ ಹಿರಿಯಳು ಹೇಳಿದಳು.

ಅವರು ತಿರುಗಿ ನಿಂತರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನುವುದನ್ನು ಎಷ್ಟೋ ಸಲ ಬಾಯಿಮಾತಿಗೆ ಅಂದಿದ್ದರು. ಆ ಮಾತಿನ ಅರ್ಥ ಅವರಿಗೆ ಗೊತ್ತಾದದ್ದು ಅವತ್ತೇ. ಐವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಪುರಸಭೆಯ ಫೈಲು ಹಿಡಿದು, ಹೆಂಗಸರಿಗೆ ಬೆನ್ನು ಹಾಕಿ ಕಬ್ಬಿಣದ ಪೈಪುಗಳನ್ನು ನೋಡುತ್ತ ನಿಂತಿದ್ದರು.

ಮೂರನೆಯವಳು ತಲೆ ತಗ್ಗಿಸಿಕೊಂಡು ಬಿರಬಿರನೆ ಹೋದ ಮೇಲೆ ಹಿರಿಯಳು ಟಾರ್ಪಾಲು ಮಡಿಸುತ್ತ ಮುಂದೆ ಬಂದಳು. ಸೀರೆಯ ಮೇಲೆ ಹಸಿರು ಬಣ್ಣದ ಗಂಡಸರ ಶರಟು ತೊಟ್ಟಿದ್ದಳು. ತಂತಿ ತಿರುವಿ ತಿರುವಿ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಅವತ್ತು ‘ಸಾಹೇಬ್ರು ಬಂದ ದಿನ’ ಎಂದವಳು ಅವಳೇ. ಸೈಟಿನಲ್ಲಿ ಎಲ್ಲರೂ ಅವಳನ್ನು ಕಂಬಿಯಮ್ಮ ಎನ್ನುತ್ತಿದ್ದರು.

“ಅವತ್ತೇ ಹೇಳಿದ್ನಲ್ಲ ಸಾಹೇಬ್ರೆ,” ಎಂದಳು. “ಮ್ಯಾನೇಜರು ಪಕ್ಕದಲ್ಲಿದ್ದಾಗ ಅದಕ್ಕಿಂತ ಬಿಡಿಸಿ ಹೇಳೋಕಾಗ್ತಿತ್ತಾ? ಓದಿದವರು, ಅರ್ಥ ಆಗುತ್ತೆ ಅಂದ್ಕೊಂಡೆ.”

“ಯಾವಾಗ್ಲೂ ಬೀಗಾನಾ?”

“ನೀವು ಬರೋ ಗುರುವಾರ ಬೆಳಿಗ್ಗೆ ತೆಗೀತಾರೆ. ನಿಮ್ಮ ಗಾಡಿ ಗೇಟು ದಾಟಿ ಹೊರಗೆ ಹೋದ ಮೇಲೆ ಹಾಕ್ತಾರೆ. ಅವತ್ತು ನಾವು ಬೆಳಿಗ್ಗೆಯಿಂದಾನೇ ಬೇಕಾದಷ್ಟು ನೀರು ಕುಡೀತೀವಿ.” ಅವಳು ನಗಲಿಲ್ಲ. ತಿಂಗಳಲ್ಲಿ ಒಂದು ದಿನ ಹಾಗೆ ಮಾಡುತ್ತೇವೆಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಅಷ್ಟೆ.

ಮ್ಯಾನೇಜರ್ ತನ್ನ ತಗಡಿನ ಕೋಣೆಯಲ್ಲಿದ್ದ. ಸಿಕ್ಕಿಬಿದ್ದೆ ಎಂಬ ಗಾಬರಿ ಅವನಲ್ಲಿ ಕಾಣಲಿಲ್ಲ.

“ಸರ್, ದಿನಾ ತೆಗೆದ್ರೆ ಗಲೀಜಾಗುತ್ತೆ. ಗಲೀಜಾದ್ರೆ ನೀವೇ ಗಲೀಜು ಅಂತ ಬರೀತೀರಿ. ನಿಮಗೋಸ್ಕರಾನೇ ಅಲ್ವಾ ಕ್ಲೀನಾಗಿ ಇಟ್ಟಿರೋದು?”

“ನನಗೋಸ್ಕರಾನಾ?”

“ಇನ್ಯಾರಿಗೆ ಸರ್? ಅವರು ಗಂಟೆಗೊಬ್ಬರು ಎದ್ದು ಹೋದ್ರೆ ಕೆಲಸ ಹೇಗೆ ಸಾಗುತ್ತೆ? ಅವರೇನೂ ಕೇಳಿಲ್ಲ. ನಿಮ್ಮ ತಲೆಗೆ ಇದನ್ನ ಹಾಕಿದ್ದು ಯಾರು?”

“ಯಾರೂ ಯಾಕೆ ಹಾಕ್ಬೇಕು? ನಿಮ್ಮ ಸೈಟಿನ ಹೆಂಗಸೇ ಹೇಳಿದ್ದು. ಕಂಬಿ ಕಟ್ಟೋಳು, ಹಸಿರು ಶರಟಿನವಳು.”

ವಾದ ಗೆಲ್ಲುವ ಭರದಲ್ಲಿ ಆ ಮಾತು ಬಂದುಬಿಟ್ಟಿತು. ಮ್ಯಾನೇಜರ್ ‘ಓಹೋ’ ಎಂದ. ಅವರು ಮುಂದಿನ ಮಾತಿಗೆ ಹೋದರು. ನಾಳೆಯಿಂದ ಬೀಗ ಹಾಕುವುದಿಲ್ಲವೆಂದು ಮ್ಯಾನೇಜರ್ ಒಪ್ಪಿಕೊಂಡ. “ಹಳೇದನ್ನ ಕೆದಕೋದು ಬೇಡ ಸರ್, ಅದರಲ್ಲಿ ನಿಮ್ಮ ಸಹಿನೂ ಇದೆ,” ಎಂದೂ ಮೆತ್ತಗೆ ಹೇಳಿದ.

ಕಚೇರಿಗೆ ಬಂದು ಬರೆದದ್ದು ಒಂದೇ ಸಾಲು: ‘ಶೌಚಾಲಯದ ಬಳಕೆಯಲ್ಲಿ ಸಣ್ಣ ಲೋಪ ಕಂಡುಬಂದಿದ್ದು ಸರಿಪಡಿಸಲು ಸೂಚಿಸಲಾಗಿದೆ.’ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು. ಹಳೆಯ ಹನ್ನೊಂದು ವರದಿಗಳಿದ್ದ ಕಪಾಟಿನ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಶುಕ್ರವಾರ ಮತ್ತೆ ಹೇಳದೆ ಹೋದರು. ನಾಲ್ಕೂ ಬಾಗಿಲು ತೆರೆದಿದ್ದವು. ಒಳಗೆ ನೆಲದ ಮೇಲೆ ಕೆಸರಿನ ಹೆಜ್ಜೆಗಳು. ಅದನ್ನು ನೋಡಿ ಮನಸ್ಸಿಗೆ ಒಂದಿಷ್ಟು ಹಗುರವೆನಿಸಿತು. ಕಂಬಿಯಮ್ಮನಿಗೆ ಒಂದು ಮಾತು ಹೇಳೋಣವೆಂದು ಹುಡುಕಿದರು. ಕಂಬಿ ಕಟ್ಟುವಲ್ಲಿ ಅವಳಿರಲಿಲ್ಲ. ಅವತ್ತು ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದವಳು ತಲೆ ಎತ್ತದೆ ಹೇಳಿದಳು.

“ಬುಧವಾರ ಬೆಳಿಗ್ಗೆ ಗೇಟಲ್ಲೇ ವಾಪಸ್ ಕಳಿಸಿದ್ರು. ಹಿಂದಿನ ಸಂಜೇನೇ ಮ್ಯಾನೇಜರ್ ಕಡೆಯವರು ಹಸಿರು ಶರಟು ಯಾರದು ಅಂತ ಕೇಳ್ಕೊಂಡು ಬಂದಿದ್ರು ಸಾಹೇಬ್ರೆ. ನಂದೇ ಅಂದ್ಲು ಅವಳು. ನಾವ್ಯಾರೂ ಹೇಳಿದ್ದಲ್ಲ.” ತುಸು ತಡೆದು ಸೇರಿಸಿದಳು. “ನೀವು ಇಲ್ಲಿ ನಿಂತ್ಕೋಬೇಡಿ. ದಯವಿಟ್ಟು ಹೋಗಿ.”

ಸಂಜೆ ಅಕ್ಕನಿಗೆ ಹೇಳಿದರು. ಬೇರೆ ಯಾರಿಗೂ ಹೇಳುವಂತಿರಲಿಲ್ಲ.

“ನೀನು ಅವಳ ಹೆಸರು ಹೇಳಿದ್ಯಾ?”

“ಹೆಸರು ಹೇಳ್ಲಿಲ್ಲ ಅಕ್ಕ. ಶರಟು ಹೇಳ್ದೆ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು,” ಎಂದಳು. “ಹಾಕಿದ್ದು ಅವರೇ, ಸರಿ. ಕಬ್ಬಿಣ ಕಾಯಿಸಿ ಕೊಟ್ಟಿದ್ದು ನೀನು.”

ಮರುದಿನ ರಜೆ. ಆದರೂ ಅವರು ಕಚೇರಿಯ ಬಾಗಿಲು ತೆಗೆಸಿ ಹನ್ನೊಂದು ವರದಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತರು. ಶೌಚಾಲಯದ ಪ್ರಶ್ನೆ ಹದಿನೇಳನೆಯದು. ಹನ್ನೊಂದು ಹಾಳೆಗಳಲ್ಲಿ ಹನ್ನೊಂದು ಟಿಕ್. ಉಳಿದ ಟಿಕ್‌ಗಳನ್ನೂ ಒಂದೊಂದಾಗಿ ನೋಡಿದರು. ಹೆಲ್ಮೆಟ್‌ಗಳು ಗುರುವಾರದವೋ ದಿನನಿತ್ಯದವೋ, ನೀರಿನ ಡ್ರಮ್ಮು ಶುಕ್ರವಾರವೂ ಅಲ್ಲೇ ಇರುತ್ತಿತ್ತೋ ಇಲ್ಲವೋ, ಯಾವುದೂ ತಮಗೆ ಗೊತ್ತಿಲ್ಲವೆಂದು ತಿಳಿಯಿತು. ಸಂಜೆಯವರೆಗೂ ಕೂತು ಎರಡು ಪುಟ ಬರೆದರು. ಈವರೆಗಿನ ಹನ್ನೊಂದು ವರದಿಗಳನ್ನೂ ನಂಬಬಾರದು, ತಪ್ಪು ನನ್ನದು ಎಂದು ಅದರಲ್ಲಿತ್ತು. ಒಬ್ಬ ಕೆಲಸಗಾರ್ತಿಯ ಗುರುತನ್ನು ಗುತ್ತಿಗೆದಾರರ ಮ್ಯಾನೇಜರ್‌ಗೆ ನಾನೇ ಬಿಟ್ಟುಕೊಟ್ಟು ಅವಳ ಕೆಲಸ ಹೋಗಲು ಕಾರಣನಾದೆ ಎಂದೂ ಬರೆದರು. ಆ ಸಾಲನ್ನು ನಾಲ್ಕು ಸಲ ಹೊಡೆದು ಹಾಕಿ ಐದನೆಯ ಸಲ ಉಳಿಸಿಕೊಂಡರು.

ಪುರಸಭೆಯ ಸಭೆಯಲ್ಲಿ ಅದನ್ನು ಓದಿದಾಗ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅಧಿಕಾರಿ ಗುತ್ತಿಗೆದಾರರ ಮೇಲೆ ದೂರು ಓದುತ್ತಿದ್ದಾರೆಂದುಕೊಂಡಿದ್ದರು. ದೂರು ಓದುತ್ತಿರುವವರ ಮೇಲೆಯೇ ಎಂದು ತಿಳಿದಾಗ ಒಬ್ಬ ಸದಸ್ಯ ನಕ್ಕುಬಿಟ್ಟ.

“ಅಲ್ರೀ, ಹನ್ನೊಂದು ತಿಂಗಳು ಅಲ್ಲೇ ಹೋಗಿಬಂದಿದ್ದೀರಿ. ಮೂಗಿಗೆ ವಾಸನೆ ಬಡೀಲಿಲ್ವಾ?”

“ಬಡೀಲಿಲ್ಲ,” ಎಂದರು ಅವರು. “ಅದರಿಂದ್ಲೇ ಗೊತ್ತಾಗಬೇಕಿತ್ತು. ನೂರೈವತ್ತು ಜನ ಬಳಸೋ ಶೌಚಾಲಯ. ಒಂದು ತಿಂಗಳು ಇಟ್ಟ ಸೋಪಿನ ಮೇಲೆ ಮುಂದಿನ ತಿಂಗಳು ಹೋದಾಗ್ಲೂ ಅಕ್ಷರ ಅಳಿಸಿರ್ತಿರಲಿಲ್ಲ. ನಾನು ಅದರಲ್ಲೇ ಕೈ ತೊಳೀತಿದ್ದೆ.”

ಮತ್ತೆ ಯಾರೂ ನಗಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸುತ್ತ, “ಇಷ್ಟೆಲ್ಲ ಬರಹದಲ್ಲಿ ಬೇಕಿತ್ತಾ?” ಎಂದು ಕೇಳಿದರು. “ಬಾಯಲ್ಲಿ ಹೇಳಿದ್ದಿದ್ರೆ ಸರಿಮಾಡ್ತಿದ್ವಿ.” ಬರಹದಲ್ಲಿ ಬಂದಿದ್ದರಿಂದ ಏನಾದರೂ ಮಾಡಲೇಬೇಕಾಯಿತು. ಒಂದು ವಾರ ಕೆಲಸ ನಿಲ್ಲಿಸಲು ನೋಟಿಸು ಹೋಯಿತು. ಶೌಚಾಲಯದ ಬಾಗಿಲುಗಳಿಂದ ಬೀಗ ಹಾಕುವ ಹೊರಗಿನ ಕೊಂಡಿಗಳನ್ನೇ ಕಿತ್ತರು. ಇನ್ನು ಮುಂದೆ ತಪಾಸಣೆಗೆ ಯಾವ ದಿನ ಎಂದು ತಿಳಿಸಕೂಡದೆಂದು ಠರಾವಾಯಿತು. ಕಂಬಿಯಮ್ಮನನ್ನು ವಾಪಸ್ ಕರೆಯಬೇಕೆಂದೂ ಬರೆದರು. ‘ಆಕೆ ಸಿಗಲಿಲ್ಲ’ ಎಂದು ಗುತ್ತಿಗೆದಾರರಿಂದ ಉತ್ತರ ಬಂತು. ಟಿಕ್ ಸಾಹೇಬರನ್ನು ತಪಾಸಣೆಯಿಂದ ತೆಗೆದು ಜನನ ಮರಣ ನೋಂದಣಿಗೆ ಕೂರಿಸಿದರು. ಇದು ಶಿಕ್ಷೆಯೆಂದು ಎಲ್ಲರೂ ಮರುಗಿದರು. ಅವರಿಗೆ ಮಾತ್ರ ಶಿಕ್ಷೆ ಕಡಿಮೆಯಾಯಿತೆನ್ನಿಸಿತು.

ಕಂಬಿಯಮ್ಮನನ್ನು ಹುಡುಕಿಕೊಟ್ಟವಳು ಅಕ್ಕ. ಆಸ್ಪತ್ರೆಗೆ ಬರುವ ಹೆಂಗಸರನ್ನು ವಿಚಾರಿಸಿ ವಿಚಾರಿಸಿ ಎರಡು ತಿಂಗಳ ನಂತರ ಪತ್ತೆ ಮಾಡಿದಳು. ನದಿಯಾಚೆ ಒಂದು ದೊಡ್ಡ ಗೋದಾಮು ಕಟ್ಟುತ್ತಿದ್ದರು, ಅಲ್ಲಿದ್ದಳು. ಆ ಜಾಗ ಬೇರೆ ಪುರಸಭೆಯ ಹದ್ದಿಗೆ ಸೇರಿದ್ದು.

ಮಧ್ಯಾಹ್ನದ ಬಿಡುವಿನಲ್ಲಿ ಗೇಟಿನ ಹೊರಗೆ ಅವಳು ಸಿಕ್ಕಳು. ಈಗ ಬೂದು ಬಣ್ಣದ ಶರಟು ತೊಟ್ಟಿದ್ದಳು. ಅವರನ್ನು ಗುರುತು ಹಿಡಿದು ಸ್ವಲ್ಪ ಹಿಂದೆ ಸರಿದಳು. ದಾರಿಯುದ್ದಕ್ಕೂ ಅವರು ಮಾತು ಕೂಡಿಸಿಕೊಂಡು ಬಂದಿದ್ದರು. ಬಾಯಿಗೆ ಬಂದದ್ದು ಅದರಲ್ಲಿ ಅರ್ಧವೂ ಇಲ್ಲ.

“ನಿಮ್ಮ ಕೆಲಸ ನನ್ನಿಂದ ಹೋಯ್ತಮ್ಮ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ.”

“ಹೂಂ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. “ಅಲ್ಲಿ ಬೀಗ ತೆಗೆದ್ರಂತಲ್ಲ.”

“ತೆಗೆದ್ರು.”

“ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತಾರೆ. ನೀವು ತೆಗೆಸಿದ್ರಿ.” ಅವಳ ತುಟಿಯಂಚಿನಲ್ಲಿ ನಗು ಇತ್ತೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. “ನನ್ನ ನಾದಿನಿ ಅಲ್ಲೇ ಇದ್ದಾಳೆ. ಅವಳಿಗೆ ಜ್ವರ ಬಿಟ್ಟಿದೆ. ಅಷ್ಟಾದ್ರೂ ಆಯ್ತು.”

“ಇಲ್ಲಿ ಹೇಗಿದೆ?”

“ಇಲ್ಲಿ ಬೀಗಾನೂ ಇಲ್ಲ, ಬಾಗಿಲೂ ಇಲ್ಲ. ಶೌಚಾಲಯ ಕಟ್ಟೇ ಇಲ್ಲ.”

ಅವರು ಜೇಬಿಗೆ ಕೈ ಹಾಕಿ ಪೆನ್ನು ಹುಡುಕಿದರು. “ನಾನು ಈಗ ಆ ಕೆಲಸದಲ್ಲಿಲ್ಲ. ಇದು ನಮ್ಮ ಪುರಸಭೆಗೆ ಸೇರಿದ್ದೂ ಅಲ್ಲ. ಆದ್ರೂ ಇಲ್ಲಿಯವರಿಗೆ ಕಾಗದ ಬರೀತೀನಿ.”

“ಯಾರು ಹೇಳಿದ್ದು ಅಂತ ಕೇಳಿದ್ರೆ?”

ಪ್ರಶ್ನೆ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಅವರು ನೆಲ ನೋಡಿದರು. “ಯಾರೂ ಹೇಳಿಲ್ಲ, ನಾನೇ ಕಣ್ಣಾರೆ ನೋಡಿದೆ ಅಂತೀನಿ.”

“ನೋಡಿಲ್ವಲ್ಲ ನೀವು.”

ಅವಳು ಸೆರಗು ಕೊಡವಿಕೊಂಡು ಗೇಟಿನತ್ತ ನಡೆದಳು. ನಾಲ್ಕು ಹೆಜ್ಜೆ ಹೋಗಿ, ಬನ್ನಿ ಎನ್ನುವಂತೆ ಹಿಂತಿರುಗಿ ನೋಡಿದಳು. ಅವರು ಹಿಂದೆ ಹೋದರು. ಗೇಟಿನವನು ಅಡ್ಡ ಬಂದ.

“ಯಾರಿವರು?”

“ನಮ್ಮ ಕಡೆಯವರು. ಕೆಲಸ ಕೇಳ್ಕೊಂಡು ಬಂದವ್ರೆ,” ಎಂದಳು ಕಂಬಿಯಮ್ಮ.

ಗೇಟಿನವನು ಅವರ ಇಸ್ತ್ರಿ ಮಾಡಿದ ಶರಟು ನೋಡಿದ, ನಯವಾದ ಬೆರಳುಗಳನ್ನು ನೋಡಿದ. “ಈ ಕೈಗೆ ಏನು ಕೆಲಸ ಕೊಡೋದಮ್ಮ?” ಎಂದು ನಕ್ಕು ದಾರಿ ಬಿಟ್ಟ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಅವಳ ಹಿಂದೆ ಒಳಗೆ ನಡೆದರು.