ಕೊರಳಲ್ಲಿದ್ದ ಟೇಪು

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಟೇಪಕ್ಕ ಎಂದರೆ ಮುಗಿಯಿತು. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೊದಲೇ ಅಳತೆಯ ಟೇಪು ಕೊರಳಿಗೆ ಬಿದ್ದಿರುತ್ತಿತ್ತು. ಸಂಜೆ ಅದನ್ನು ತೆಗೆಯುವುದನ್ನೂ ಮರೆತು ಬಸ್ಸು ಹತ್ತಿ ಮನೆಗೆ ಬಂದರೆ ನಾದಿನಿ ನಗುತ್ತಿದ್ದಳು: "ಬಂದ್ರು ನೋಡಿ ಅತ್ತಿಗೆ, ಹಾವು ಸಾಕಿದೋರ ಹಾಗೆ!" ಇಪ್ಪತ್ತೆರಡು ವರ್ಷ ರೋಗಿಗಳ ಹಾಸಿಗೆಗೆ ಹೊದಿಕೆ, ವೈದ್ಯರಿಗೆ ನಿಲುವಂಗಿ ಹೊಲಿದವಳು. ಕೊರಳಲ್ಲಿ ಟೇಪಿದೆಯೋ ಇಲ್ಲವೋ ಎಂಬುದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಹಳೆಯ ಟೇಪಿನ ಅಂಕಿಗಳು ಅಳಿಸಿಹೋದವೆಂದು ಒಂದು ಶನಿವಾರ ದೊಡ್ಡ ಅಂಗಡಿಗೆ ಹೋದಳು. ಹೊಸದೊಂದನ್ನು ಬಿಚ್ಚಿ, ಹಿಗ್ಗುತ್ತದೆಯೇ ಎಂದು ಎಳೆದು ನೋಡಿ, ಕೊರಳಿಗೆ ಹಾಕಿಕೊಂಡಳು. ಆಮೇಲೆ ದಾರದುಂಡೆ, ಗುಂಡಿ, ಸೂಜಿ ಎಂದು ಬುಟ್ಟಿ ತುಂಬಿ, ಅವಕ್ಕೆಲ್ಲ ಹಣ ಕೊಟ್ಟು ಹೊರಬಿದ್ದಳು. ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ. ಊರೆಲ್ಲ ಕಾಣುವಂತೆ ಹಳದಿ ಟೇಪು ಎದೆಯ ಮೇಲೆ ಜೋತಾಡುತ್ತಿತ್ತು. ಕದಿಯುವವರು ಹೀಗೆ ಕದಿಯುತ್ತಾರಾ ಎಂದು ಕೇಳುವಷ್ಟು ಬುದ್ಧಿ ಅಲ್ಲಿ ಯಾರಿಗಿತ್ತು? ಅವಳಂತೂ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು.

ಪೊಲೀಸರು ಬಂದರು, ಕೇಸಾಯಿತು. ಹೊಲಿಗೆ ಕೋಣೆಯ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದಳು: "ತಪ್ಪಿಲ್ಲ ಅಂತ ಕೋರ್ಟು ಹೇಳಿದ್ರೆ ನಿನ್ನ ಮಿಷನ್ನು ಇಲ್ಲೇ ಇರತ್ತೆ. ತಪ್ಪು ಅಂತಾದ್ರೆ ಬರ್ಲೇಬೇಡ. ನಿಯಮ ನಾನು ಮಾಡಿದ್ದಲ್ಲ."

ಬಡವರಿಗೆ ಸರ್ಕಾರದ ಪುಕ್ಕಟೆ ವಕೀಲರಿದ್ದಾರೆಂದು ನಾದಿನಿ ಅರ್ಜಿ ಹಾಕಿಸಿದಳು. ಎರಡು ಸಲ ಕಚೇರಿಗೆ ಅಲೆದರೆ ಎರಡು ಸಲವೂ ಬೀಗ. ಕೊನೆಗೆ ವಿಚಾರಣೆಯ ದಿನವೇ ಕೋರ್ಟಿನ ವರಾಂಡದಲ್ಲಿ ಆ ಮಹಾನುಭಾವರು ಸಿಕ್ಕರು. ಕಂಕುಳಲ್ಲಿ ಕಡತಗಳ ಕಟ್ಟು, ನಿಂತ ಕಾಲಲ್ಲೇ ಮಾತು.

"ಹಣ ಕೊಡದೆ ಹೊರಗೆ ಬಂದದ್ದು ನಿಜ ತಾನೇ?"

"ನಿಜ ಸಾರ್. ಆದ್ರೆ ಅದು ಅಭ್ಯಾಸ. ಹಾಕ್ಕೊಂಡಿದ್ದು ನೆನಪೇ ಇರ್ಲಿಲ್ಲ. ಇವತ್ತೂ ನೋಡಿ..." ಹಳೆಯ ಟೇಪು ಅಂದೂ ಅವಳ ಕೊರಳಲ್ಲೇ ಇತ್ತು.

"ಮೊದ್ಲು ಅದನ್ನ ಬ್ಯಾಗಿಗೆ ಹಾಕಮ್ಮ! ಜಡ್ಜ್ ನೋಡಿದ್ರೆ ಏನಂದ್ಕೊಂಡಾರು? ಅಭ್ಯಾಸ ಬಲ ಅಂತೆಲ್ಲ ಹೇಳಿದ್ರೆ ನಗ್ತಾರೆ. ತಪ್ಪೊಪ್ಕೊಂಡುಬಿಡು, ಸಣ್ಣ ದಂಡದಲ್ಲಿ ಮುಗಿಯತ್ತೆ."

"ನನ್ನ ಕೆಲ್ಸ ಸಾರ್..."

"ಅದಕ್ಕೇ ಹೇಳ್ತಿರೋದು. ಬೇಗ ಮುಗಿದ್ರೆ ಮಧ್ಯಾಹ್ನದೊಳಗೆ ಕೆಲ್ಸಕ್ಕೆ ಹೋಗ್ಬೋದು. ಪೆನ್ನಿದ್ಯಾ?"

ಕೆಲಸವೇ ಹೋಗುತ್ತದೆ ಎಂದು ಹೇಳಬೇಕಿತ್ತು. "ಹೇಳಿ ಅತ್ತಿಗೆ" ಎಂದು ನಾದಿನಿ ಹಿಂದಿನಿಂದ ತಿವಿಯುತ್ತಲೂ ಇದ್ದಳು. ಆದರೆ ಓದಿದವರು, ಕಾನೂನು ಬಲ್ಲವರು, ಅವರ ಮುಂದೆ ತನ್ನದೇನು ಎಂದು ನಾಲಿಗೆ ಹೊರಳಲಿಲ್ಲ. ಬ್ಯಾಗಿಗೆ ಟೇಪು ಹಾಕಿ, ಪೆನ್ನು ತೆಗೆದುಕೊಟ್ಟಳು. ದಿನವೂ ಹಾಜರಿ ಹಾಕುತ್ತಿದ್ದ ಪೆನ್ನು. ಯಾರೂ ಎತ್ತಿಕೊಳ್ಳದಿರಲೆಂದು ಅದಕ್ಕೆ ಕೆಂಪು ದಾರ ಸುತ್ತಿದ್ದಳು. ತಪ್ಪೊಪ್ಪಿಗೆಯ ಕಾಗದದಲ್ಲಿ ವಕೀಲರು ಗೀಟು ಹಾಕಿ ತೋರಿಸಿದ ಕಡೆ ಅವಳು ಸಹಿ ಹಾಕಿದಳು. ಕೆಳಗೆ ಅವರೂ ಒಂದು ಸಹಿ ಗೀಚಿದರು.

ಒಳಗೆ ಐದು ನಿಮಿಷವೂ ಹಿಡಿಯಲಿಲ್ಲ. "ನನ್ನ ಕಕ್ಷಿದಾರರು ತಪ್ಪು ಒಪ್ಪಿಕೊಂಡಿದ್ದಾರೆ" ಎಂದು ವಕೀಲರು ಹೇಳುವಾಗ ಟೇಪಕ್ಕನ ಕಣ್ಣು ಅವರ ಅಂಗಿಯ ಜೇಬಿನ ಮೇಲೆ ಬಿತ್ತು. ಕೆಂಪು ದಾರದ ಪೆನ್ನು ಅಲ್ಲಿತ್ತು.

"ಒಪ್ಕೊಳ್ತೀರಾ?" ಎಂದರು ನ್ಯಾಯಾಧೀಶೆ.

ಅವಳು ಪೆನ್ನನ್ನೇ ನೋಡುತ್ತ "ಹೂಂ" ಎಂದಳು. ಅಪರಾಧಿ ಎಂದು ಬರೆದದ್ದಾಯಿತು.

ಹೊರಗೆ ಬಂದ ಮೇಲೆ ಬಾಯಿ ಬಂತು. "ಸಾರ್, ನನ್ನ ಪೆನ್ನು."

ವಕೀಲರು ಜೇಬು ಮುಟ್ಟಿ ನೋಡಿಕೊಂಡು ಮನಸಾರೆ ನಕ್ಕರು. "ಅಯ್ಯೋ, ಅಭ್ಯಾಸ ಬಲ ನೋಡಮ್ಮ! ಕೈಗೆ ಸಿಕ್ಕಿದ ಪೆನ್ನೆಲ್ಲ ಜೇಬಿಗೇ ಹೋಗ್ಬಿಡತ್ತೆ."

ನಾದಿನಿಗೆ ಮೈಯೆಲ್ಲ ಉರಿದುಹೋಯಿತು. ಟೇಪಕ್ಕನಲ್ಲಿ ಉರಿಯುವುದಕ್ಕೂ ಏನೂ ಉಳಿದಿರಲಿಲ್ಲ. ಅವರು ಚಾಚಿದ ಪೆನ್ನನ್ನು ಅವಳು ಮುಟ್ಟಲಿಲ್ಲ.

"ಇಟ್ಕೊಳ್ಳಿ ಸಾರ್. ಅದು ಹಾಜರಿ ಹಾಕೋ ಪೆನ್ನು. ನಂಗಿನ್ನು ಬೇಕಾಗಲ್ಲ."

"ಥ್ಯಾಂಕ್ಸ್ ಅಮ್ಮ" ಎಂದ ವಕೀಲರು ಅದನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಮುಂದಿನ ಕೇಸಿಗೆ ಓಡಿದರು.