ಎರಡೂ ಬಲಗಡೆಯ ಬಾಗಿಲು

ರೇವಣ್ಣ ಬಾಗಿಲನ್ನು ಮತ್ತೊಮ್ಮೆ ಎತ್ತಿ ವ್ಯಾನಿನ ಎಡಗಡೆಗೆ ಒತ್ತಿ ಹಿಡಿದ. ಕೂರಲಿಲ್ಲ. ಕೀಲು ಮುಂದಕ್ಕೆ ಮಾಡಿದರೆ ಬಾಗಿಲ ಉಬ್ಬಿದ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು; ಹೊಟ್ಟೆಯನ್ನು ಹೊರಕ್ಕೆ ತಿರುಗಿಸಿದರೆ ಕೀಲು ಹಿಂದಕ್ಕೆ ಬರುತ್ತಿತ್ತು. ಅವನು ಪಕ್ಕದ ಶೆಡ್ಡಿನ ಪೇಂಟರು. ಗೋಣಿಚೀಲ ಹೊದಿಸಿಟ್ಟಿದ್ದ ಈ ಬಾಗಿಲನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದ.

ಬಾಗಿಲು ಮಾಡಿದ, ತಗಡು ಕೆಲಸದ ಟಿಂಕರ್ ಸಿದ್ದರಾಮು ಶೆಡ್ಡಿನ ಮುಂದೆ ಚಾಪೆಯ ಮೇಲೆ ಹಾರ ಹಾಕಿಸಿಕೊಂಡು ಮಲಗಿದ್ದ. ನಿನ್ನೆ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಮದ್ದೂರಿನ ಅರ್ಧ ಗಾಡಿಗಳ ಸೊಟ್ಟ ತಿದ್ದಿ, ತನ್ನ ಮನೆಯ ಬಚ್ಚಲ ಬಾಗಿಲನ್ನು ಮಾತ್ರ ತಂತಿಯಲ್ಲಿ ಬಿಗಿದಿಟ್ಟಿದ್ದ ಆಸಾಮಿ. ಮಣ್ಣು ಮಾಡುವುದು ಹಲಗೂರಿನ ಹತ್ತಿರದ ಹೊಲದಲ್ಲಿ. ಅಲ್ಲಿಗೆ ಈ ವ್ಯಾನಿನಲ್ಲೇ ಹೋಗಬೇಕು, ಕೊನೆಯ ಕೆಲಸ ಮುಗಿಸಿಯೇ ಹೋದನೆಂದು ಜನ ನೋಡಬೇಕು ಎಂದು ಹೆಂಡತಿ ಬೆಳ್ಳಮ್ಮ ಬೆಳಿಗ್ಗೆ ಹೇಳಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ.

"ಬಿಸ್ಲಾಯ್ತು ಕಣ್ಲಾ ರೇವಣ್ಣ. ಬಾಗ್ಲು ಆಕ್ಬುಟ್ಟು ಒಂಡ್ಸು," ಎಂದಳು ಸತ್ತವನ ಅಕ್ಕ ಚಿಕ್ಕಬೋರಮ್ಮ.

ವ್ಯಾನಿನ ಯಜಮಾನ ಜಯಪ್ರಕಾಶ್ ಮಂಡ್ಯದಿಂದ ಹಾರ ತಂದಿದ್ದ. ಅವನ ತಾತ ಬೆಲ್ಲ ಸಾಗಿಸುತ್ತಿದ್ದ ಗಾಡಿ ಅದು. ಹತ್ತಿರ ಬಂದು ಬಾಗಿಲಿನ ಅಂಚು ಸವರಿ ನೋಡಿದ.

"ಇದೂ ಬಲಗಡೇದೇ ಅಲ್ವೇನಪ್ಪಾ?"

ಕೂತಿದ್ದವರೆಲ್ಲ ತಿರುಗಿದರು.

"ನಾನು ಸಾರ್ ಕುಯ್ದಿದ್ದು," ಎಂದ ರೇವಣ್ಣ. "ಅಣ್ಣ ಅವತ್ತು ಇರ್ನಿಲ್ಲ."

ಪೇಂಟರಿಗೆ ತಗಡು ಕುಯ್ಯುವ ಕೆಲಸ ಎಲ್ಲಿಂದ ಬಂತು ಎಂದು ಯಾರೋ ಗೊಣಗಿದರು.

*

ರಟ್ಟಿನ ಅಚ್ಚನ್ನು ತಗಡಿನ ಮೇಲೆ ಹಿಡಿಯುವುದು ಮದುವೆಯಾದ ಹೊಸತರಿಂದಲೂ ಬೆಳ್ಳಮ್ಮನ ಕೆಲಸ. ಒಂದು ಬಾಗಿಲಿಗೆ ಗೆರೆ ಹಾಕಿದ ಮೇಲೆ ಸಿದ್ದರಾಮು "ಮಗುಚು" ಎನ್ನುತ್ತಿದ್ದ. ಮಗುಚಿದರೆ ಅದೇ ಅಚ್ಚು ಇನ್ನೊಂದು ಕಡೆಯ ಬಾಗಿಲಿಗಾಗುತ್ತಿತ್ತು.

ಈ ವ್ಯಾನಿನ ಕೀಲು ಯಾವ ಗುಜರಿಯಲ್ಲೂ ಸಿಗದೆ, ಕಬ್ಬಿಣದ ಪಟ್ಟಿ ಕತ್ತರಿಸಿ ತಾನೇ ಮಾಡಿದ್ದ. ಬಲಗಡೆಯ ಬಾಗಿಲು ಬೆರಳಲ್ಲಿ ತಳ್ಳಿದರೆ ಮುಚ್ಚಿಕೊಳ್ಳುತ್ತಿತ್ತು. ಎರಡನೆಯದಕ್ಕೆ, ಎಡಗಡೆಯದಕ್ಕೆ, ಗೆರೆ ಹಾಕಲು ಬಗ್ಗಿದವನು ಅವಳ ಮುಖ ನೋಡಿದ.

"ನಿಮ್ಮವ್ವ ಉಂಡ್ಲಾ?"

ಅವಳ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಗಂಡನ ಬುದ್ಧಿ ಮಸುಕಾಗುತ್ತಿರುವುದು ಅವಳೊಬ್ಬಳಿಗೇ ಗೊತ್ತಿತ್ತು.

"ಉಂಡ್ಲು," ಎಂದಳು.

ಅವನು ಮಗುಚು ಎನ್ನಲಿಲ್ಲ. ಅವನು ಹೇಳದೆ ಅವಳು ಯಾವತ್ತೂ ಮಗುಚಿದವಳಲ್ಲ. ತಪ್ಪಾದರೆ ಅವನೇ ಆಮೇಲೆ ಸರಿಮಾಡಿಕೊಳ್ಳುತ್ತಾನೆ ಎಂದುಕೊಂಡು, ಅಚ್ಚನ್ನು ಅಲ್ಲಾಡದಂತೆ ಹಿಡಿದು ಕೂತಳು.

*

ಬೆಳ್ಳಮ್ಮ ಎದ್ದು ವ್ಯಾನಿನ ಹತ್ತಿರ ಬಂದಳು.

"ನೀನ್ಯಾಕಪ್ಪ ಇಲ್ದಿದ್ದು ಯೋಳೀಯೆ," ಎಂದಳು ರೇವಣ್ಣನಿಗೆ. "ಅಚ್ಚು ಇಡ್ಕಂಡಿದ್ದವ್ಳು ನಾನು. ಮಗುಚ್ನಿಲ್ಲ."

"ಅವ್ನು ಯೋಳ್ನಿಲ್ವಾ?" ಚಿಕ್ಕಬೋರಮ್ಮ ಕೇಳಿದಳು.

"ಯೋಳುದ್ರು. ನಾನೇ ಗ್ಯಾನ ಎಲ್ಲೋ ಇಟ್ಕಂಡಿದ್ದೆ."

"ಒಂದ್ ಮಾತು ಕೇಳಕ್ಕಾಗ್ನಿಲ್ವಲ್ಲೇ ನಿಂಗೆ. ನನ್ ತಮ್ಮನ ಕೊನೇ ಕೆಲ್ಸ ಕೆಡುಸ್ಬುಟ್ಟೆ."

"ಊಂ ಕಣಕ್ಕ."

ಜನ ಅವಳನ್ನು ನೋಡಿದರು. ಸಿದ್ದರಾಮುವಿನ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆದರೂ ಸಮಾಧಾನವೂ ಆಗಲಿಲ್ಲ, ಬೈಗುಳವೂ ತಾಕಲಿಲ್ಲ. ರೇವಣ್ಣ ಅವಳ ಮುಖ ನೋಡಲಾರದೆ ಬಾಗಿಲನ್ನು ಗೋಡೆಗೆ ಒರಗಿಸಿದ.

ಹೆಣವನ್ನು ಹಿಂದೆ ಮಲಗಿಸಿದರು. ಜಯಪ್ರಕಾಶ್ ತಾನೇ ಗಾಡಿ ಹೊರಡಿಸಿದ. ಬಾಗಿಲಿಲ್ಲದ ಕಡೆ ಗಂಡಸರು ಯಾರಾದರೂ ಕೂರಲಿ ಎಂದರೆ ಬೆಳ್ಳಮ್ಮ ಕೇಳಲಿಲ್ಲ. ರೇವಣ್ಣ ಅಡ್ಡಕ್ಕೊಂದು ಹಗ್ಗ ಬಿಗಿದ.

ದಾರಿಯಲ್ಲಿ, ಮಳವಳ್ಳಿಯ ಪೇಟೆಯಲ್ಲಿ, ಎಡಗಡೆಯ ಅಂಗಡಿಯವರು ತಲೆಯೆತ್ತಿ ವ್ಯಾನು ನೋಡಿದರು. ಬಾಗಿಲು ಇರಬೇಕಾದ ಜಾಗದಲ್ಲಿ ಬೆಳ್ಳಮ್ಮ ರಸ್ತೆಗೆ ಬೆನ್ನು ಮಾಡಿ, ಹಗ್ಗಕ್ಕೆ ಒತ್ತಿಕೊಂಡು, ಆದಷ್ಟೂ ಅಗಲವಾಗಿ ಕೂತಿದ್ದಳು.