ಚರಣದ ಮೂರನೇ ಸಾಲು

ಪೂಂಗೊಡಿ ಬಂದು ಆ ಒಂದು ಪ್ರಶ್ನೆ ಕೇಳದೇ ಇದ್ದಿದ್ದರೆ ಮುಗಿಲನ್ ತನ್ನ ಪಾಡಿಗೆ ತಾನಿರುತ್ತಿದ್ದ. ಹನ್ನೊಂದು ವರ್ಷದಿಂದ ವಡಪಳನಿಯ ಸ್ಟುಡಿಯೊದಲ್ಲಿ ಕೂತು ಹಾಡುಗಾರರ ಶ್ರುತಿ ತಿದ್ದುವವನು ಅವನು. ಇಳಿದ ಸ್ವರವನ್ನು ಕಂಪ್ಯೂಟರಿನಲ್ಲಿ ಮೇಲಕ್ಕೆತ್ತುತ್ತಾನೆ, ತಡವಾಗಿ ಬಿದ್ದ ಅಕ್ಷರವನ್ನು ತಾಳದ ಮೇಲೆ ಎಳೆದು ಕೂರಿಸುತ್ತಾನೆ. ಯಾರು ಹೇಗೇ ಹಾಡಲಿ, ಇವನ ಕೈಯಿಂದ ಹೊರಬೀಳುವಾಗ ಎಲ್ಲರೂ ಸರಿಯಾಗಿಯೇ ಹಾಡಿರುತ್ತಾರೆ.

ಪೂಂಗೊಡಿ ಟ್ರ್ಯಾಕ್ ಹಾಡುವವಳು. ದೊಡ್ಡ ಗಾಯಕಿಗೆ ಪುರುಸೊತ್ತಾಗುವ ಮೊದಲೇ ಹಾಡನ್ನು ಪೂರ್ತಿ ಹಾಡಿಟ್ಟು ಹೋಗಬೇಕು. ಗಾಯಕಿ ಬಂದು ಅದನ್ನೇ ಕಿವಿಗೆ ಹಾಕಿಕೊಂಡು ಹಾಡುತ್ತಾಳೆ, ಆಮೇಲೆ ಪೂಂಗೊಡಿಯ ದನಿಯನ್ನು ತೆಗೆದುಹಾಕುತ್ತಾರೆ. ಇದರಲ್ಲಿ ಬೇಸರ ಮಾಡಿಕೊಳ್ಳುವಂಥದ್ದೇನಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಟ್ರ್ಯಾಕ್ ಹಾಡುವವರನ್ನು ಬಿಟ್ಟು.

"ಅಣ್ಣಾ, ಒಂದು ಕೇಳ್ತೀನಿ, ನಗಬೇಡಿ," ಅಂದಳು ಅವಳು. "ನಿನ್ನೆ ಬಿಟ್ರಲ್ಲ ಹಾಡಿನ ತುಣುಕು, ಅಮ್ಮಂಗೆ ಕೇಳಿಸ್ದೆ. ಚರಣದ ಮೂರನೇ ಸಾಲು ಬಂದ ಕೂಡ್ಲೇ, ಇದು ನೀನೇ ಕಣೇ ಅಂದ್ಬಿಟ್ಲು."

"ಅದು ಶ್ರೀವತ್ಸಲಾ ಮೇಡಂ ಕಣಮ್ಮಾ."

"ನಾನೂ ಹಂಗೇ ಅಂದೆ. ಆಮೇಲೆ ಹತ್ತು ಸಲ ಕೇಳ್ದೆ. ನನ್ನ ದನಿ ಹೌದೋ ಅಲ್ವೋ ಅಂತ ನನಗೇ ಗೊತ್ತಾಗ್ತಿಲ್ಲ. ಇವತ್ತು ಸಂಜೆ ನೀವು ಹಾಡಿದವರ ಹೆಸರುಗಳ ಪಟ್ಟಿ ಕಳಿಸ್ತೀರಂತೆ. ನಂದೇ ಆಗಿದ್ರೆ ನನ್ನ ಹೆಸರು ಹಾಕ್ತೀರಾ?"

"ನಿಂದೇ ಆಗಿದ್ರೆ ಹಾಕ್ದೇ ಇರ್ತೀನಾ," ಎಂದು ನಗಲು ಹೊರಟ ಮುಗಿಲನ್ ಅರ್ಧಕ್ಕೇ ನಿಂತ. ಹಾಡಲು ಬಂದ ದಿನ ಮೇಡಂಗೆ ನೆಗಡಿ. ಒಂದು ಸಾಲಿನಲ್ಲಿ ದನಿ ಸೀಳಿಹೋಗಿತ್ತು. ಆ ಜಾಗಕ್ಕೆ ಪೂಂಗೊಡಿಯ ಸಾಲನ್ನೇ ತಿದ್ದಿ ತೀಡಿ ತೇಪೆ ಹಾಕಿದ್ದ. ಯಾವ ಸಾಲು? ನೆನಪೇ ಇಲ್ಲ.

ಕಂಪ್ಯೂಟರ್ ತೆರೆದರೆ ಅಲ್ಲಿ 'ಫೈನಲ್', 'ಹೊಸ ಫೈನಲ್', 'ನಿಜವಾದ ಫೈನಲ್', 'ಇದೇ ಫೈನಲ್'. ಎಲ್ಲಾ ಇವನೇ ಇಟ್ಟ ಹೆಸರುಗಳು. ತೆರೆಯ ಮೇಲೆ ಎರಡು ದನಿಗಳ ಗೆರೆಗಳೂ ಒಂದರ ಮೇಲೊಂದು ಅಚ್ಚೊತ್ತಿದಂತೆ ಕೂತಿದ್ದವು. ಮೂರನೇ ಸಾಲು ಒಮ್ಮೆ ಕೇಳಿದರೆ ಪೂಂಗೊಡಿ ಅನಿಸಿತು, ಇನ್ನೊಮ್ಮೆ ಕೇಳಿದರೆ ಮೇಡಂ. ಅವನಿಗೆ ನಾಚಿಕೆಯಾಯಿತು. ಹನ್ನೊಂದು ವರ್ಷ ಕಿವಿಯನ್ನೇ ನಂಬಿ ಅನ್ನ ತಿಂದವನು.

"ಒಂದು ದಾರಿ ಇದೆ," ಅಂದ ಕೊನೆಗೆ. "ನಾನು ತಿದ್ದಿಟ್ಟ ನಿನ್ನ ದನಿಯ ಅಲೆಯನ್ನ ತಲೆಕೆಳಗು ಮಾಡಿ, ಸಿದ್ಧವಾದ ಹಾಡಿನ ದನಿ ಜೊತೆ ಓಡಿಸ್ತೀನಿ. ಎರಡೂ ಒಂದೇ ಆಗಿದ್ರೆ ಒಂದನ್ನೊಂದು ನುಂಗಿಬಿಡ್ತವೆ. ಬೇರೆ ಆಗಿದ್ರೆ ಏನಾದ್ರೂ ಕೇಳಿಸ್ತದೆ."

"ಅಂದ್ರೆ, ಏನೂ ಕೇಳಿಸದಿದ್ರೆ ಅದು ನಾನು?"

"ಹೂಂ."

ಮೊದಲ ಸಾಲಿಗೆ ಗೊರಗೊರ ಸದ್ದು. ಎರಡನೆಯದಕ್ಕೂ ಅದೇ. ಮೂರನೆಯದು ಬಂದಾಗ ಪೂಂಗೊಡಿ ಕುರ್ಚಿಯ ಅಂಚು ಹಿಡಿದುಕೊಂಡಳು. ಗೊರಗೊರ ಸದ್ದು ನಿಲ್ಲಲಿಲ್ಲ. ಅವಳ ಮುಖ ಬಾಡಿತು. ಮುಗಿಲನ್ ನಿಲ್ಲಿಸಲು ಕೈ ಚಾಚಿದ. ಅಷ್ಟರಲ್ಲಿ ನಾಲ್ಕನೇ ಸಾಲು ಶುರುವಾಯಿತು, ಕೋಣೆ ನಿಶ್ಶಬ್ದವಾಯಿತು. ಸ್ಪೀಕರ್ ಕೆಟ್ಟಿತೇನೋ ಎಂದು ಸದ್ದು ಹೆಚ್ಚಿಸಿದ. ಸಾಲು ಮುಗಿಯುವ ತನಕ ಏನೂ ಕೇಳಿಸಲಿಲ್ಲ.

"ಇದು ನೀನು," ಅಂದ.

"ಮತ್ತೆ ಅಮ್ಮ ಗುರುತು ಹಿಡಿದದ್ದು?"

"ಮೂರನೇದರಲ್ಲಿ ಗಂಟಲು ಮೇಡಂದು. ಆದ್ರೆ ಎಲ್ಲಿ ತಡೀಬೇಕು, ಎಲ್ಲಿ ಜಾರಬೇಕು ಅನ್ನೋದೆಲ್ಲ ನಿಂದು. ನಾನೇ ಅವರನ್ನ ನಿನ್ನ ಅಳತೆಗೆ ಎಳೆದು ಕೂರಿಸಿದ್ದು. ನಾಲ್ಕನೇದರಲ್ಲಿ ನಿನ್ನ ಗುರುತು ಸಿಗಬಾರದು ಅಂತ ಇಸ್ತ್ರಿ ಹೊಡೆದಂಗೆ ನೇರ ಮಾಡ್ಬಿಟ್ಟೆ."

"ಹಂಗಾದ್ರೆ ಅಮ್ಮ ಹೇಳಿದ್ದು ಸರಿನಾ, ತಪ್ಪಾ?"

ಮುಗಿಲನ್ ಹೆಸರುಗಳ ಪಟ್ಟಿ ತೆರೆದ. ಶ್ರೀವತ್ಸಲಾ ಹೆಸರಿನ ಕೆಳಗೆ ಪೂಂಗೊಡಿ ಎಂದು ಸೇರಿಸಿದ.

ಅವಳು ಅಮ್ಮನಿಗೆ ಫೋನ್ ಹಚ್ಚಿದಳು. "ಅಮ್ಮಾ, ಏನೂ ಮಾತಾಡ್ಬೇಡ, ಇದನ್ನ ಕೇಳು," ಎಂದು ಫೋನನ್ನು ಸ್ಪೀಕರ್ ಹತ್ತಿರ ಹಿಡಿದಳು. ಮುಗಿಲನ್ ನಾಲ್ಕನೇ ಸಾಲನ್ನು ಹಾಕಿದ, ಈ ಸಲ ಹಾಡಿನಲ್ಲಿರುವ ಹಾಗೆಯೇ.

ಸಾಲು ಮುಗಿಯಿತು. ಆ ಕಡೆಯಿಂದ ಅಮ್ಮನ ದನಿ ಬಂತು.

"ಚೆನ್ನಾಗಿದೆ. ಯಾರೇ ಹಾಡಿದ್ದು?"